ಆ್ಯಪ್‌ನಲ್ಲಿ 15 ಡಿಗ್ರಿ, ಗುಡೇಕೋಟೆಯ ಹೊಲದಲ್ಲಿ ಎಷ್ಟು?

ಡಿಸೆಂಬರ್ ಬಂತು ಅಂದ್ರೆ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಎರಡು ಥರದ ಮೆಸೇಜ್ ಶುರುವಾಗುತ್ತವೆ. ಒಂದು, ಸೆಮಿಸ್ಟರ್ ರಜೆಗೆ ಟ್ರಿಪ್ ಪ್ಲಾನ್ ಮಾಡುವವರದ್ದು: "ಮನಾಲಿಯಲ್ಲಿ ಸ್ನೋ ಯಾವಾಗ ಬೀಳುತ್ತೆ, ಯಾರಾದ್ರೂ ಫೋರ್‌ಕಾಸ್ಟ್ ನೋಡಿ ಹೇಳ್ರೋ." ಇನ್ನೊಂದು, ನ್ಯೂಸ್ ಫಾರ್ವರ್ಡ್: "ರಾಜ್ಯದಲ್ಲಿ ಮೈ ಕೊರೆಯುವ ಚಳಿ, ಈ ಜಿಲ್ಲೆಗಳಿಗೆ ಎಚ್ಚರಿಕೆ." ಎರಡನೆಯದು ಬಂದಾಗ ನಾನು ಜಿಲ್ಲೆಗಳ ಪಟ್ಟಿ ಓದುತ್ತೇನೆ. ಬೀದರ್ ಇರುತ್ತೆ, ವಿಜಯಪುರ ಇರುತ್ತೆ, ಕಲಬುರಗಿ ಇರುತ್ತೆ. ನಮ್ಮ ಅಮ್ಮನ ತವರು ಗುಡೇಕೋಟೆ ಇರುವ ವಿಜಯನಗರ ಜಿಲ್ಲೆಯ ಹೆಸರು ಅದರಲ್ಲಿ ಕಾಣೋದು ಅಪರೂಪ.

ಗುಡೇಕೋಟೆ ಗೊತ್ತಿಲ್ಲದವರಿಗೆ: ಇದು ಕೂಡ್ಲಿಗಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 2021ರಲ್ಲಿ ಹೊಸ ಜಿಲ್ಲೆ ಆಗುವ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಸುತ್ತ ಹೆಬ್ಬಂಡೆಗಳ ಗುಡ್ಡ, ಗುಡ್ಡದ ಮೇಲೆ ಪಾಳೇಗಾರರ ಕಾಲದ ಕೋಟೆ, ಪಕ್ಕದಲ್ಲೇ ಕರಡಿಧಾಮ. ಒನಕೆ ಓಬವ್ವನ ತವರು ನಮ್ಮೂರೇ ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಬೇಸಿಗೆಯಲ್ಲಿ ಬಂಡೆ ಕಾದು ಕೆಂಡ ಆಗುವ ಊರು. ಆದರೆ ಡಿಸೆಂಬರ್–ಜನವರಿಯ ಬೆಳಗಿನ ಜಾವ ಅಲ್ಲಿನ ಹೊಲದಲ್ಲಿ ನಿಂತರೆ ಹಲ್ಲು ಕಟಕಟ ಅನ್ನುತ್ತೆ. ಹಾಗಿದ್ದ ಮೇಲೆ ಎಚ್ಚರಿಕೆ ಯಾಕೆ ಬರಲ್ಲ? ಆ್ಯಪ್ ತೋರಿಸುವ ಡಿಗ್ರಿ ಯಾವ ಜಾಗದ್ದು? ಈ ರಾತ್ರಿ ಚಳಿ ಜೋರಿದೆಯಾ ಅಂತ ಸಂಜೆಯೇ ಅಂದಾಜು ಮಾಡೋಕೆ ಆಗುತ್ತಾ? ಈ ಲೇಖನ ಅದರ ಬಗ್ಗೆ.

ಮೊದಲು ಹಿಮದ ಲೆಕ್ಕ ಮುಗಿಸೋಣ

ಕನ್ನಡದಲ್ಲಿ ಒಂದು ಮಜಾ ಇದೆ. ಬೆಳಿಗ್ಗೆ ರಸ್ತೆ ಮುಚ್ಚುವ ಹೊಗೆಯಂಥದ್ದೂ ಮಂಜು, ಮನಾಲಿಯಲ್ಲಿ ಬೀಳೋದೂ ಮಂಜು. ನಮಗೆ ಎರಡನೆಯದನ್ನು ನೋಡುವ ಪ್ರಸಂಗವೇ ಬರಲಿಲ್ಲ, ಬೇರೆ ಪದದ ಅಗತ್ಯವೂ ಬೀಳಲಿಲ್ಲ ಅಂತ ಕಾಣುತ್ತೆ.

ಯಾಕೆ ಬರಲಿಲ್ಲ? ಗಾಳಿಯಲ್ಲಿ ಮೇಲೆ ಹೋದಂತೆ ಸರಾಸರಿ ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತೆ. ಗುಡೇಕೋಟೆ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 600 ಮೀಟರ್ ಎತ್ತರದ ಸೀಮೆಯಲ್ಲಿದೆ. ಚಳಿಗಾಲದ ಹಗಲಲ್ಲಿ ಅಲ್ಲಿ 26 ಡಿಗ್ರಿ ಇದೆ ಅಂದುಕೊಳ್ಳಿ. ಸೊನ್ನೆ ಡಿಗ್ರಿ ಸಿಗಬೇಕಾದರೆ ಅಲ್ಲಿಂದ ಇನ್ನೂ 4 ಕಿಲೋಮೀಟರ್ ಮೇಲೆ ಹೋಗಬೇಕು. ಮೋಡದ ಮೇಲ್ಭಾಗದಲ್ಲಿ ಹಿಮದ ಹರಳು ಹುಟ್ಟಿದರೂ ಅಷ್ಟು ದೂರ ಬೆಚ್ಚನೆಯ ಗಾಳಿಯಲ್ಲಿ ಇಳಿದು ಬರುವಷ್ಟರಲ್ಲಿ ಕರಗಿ ಮಳೆಯಾಗುತ್ತೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅಲ್ಲೂ ಸಾಲದು. ಬೇಸಿಗೆ ಮಳೆಯಲ್ಲಿ ಬೆಂಗಳೂರಿನ ರಸ್ತೆ ಬೆಳ್ಳಗಾದ ಫೋಟೋ ಬರುತ್ತವಲ್ಲ, ಅದು ಆಲಿಕಲ್ಲು. ಅದು ಚಳಿಯಿಂದ ಬಂದದ್ದಲ್ಲ. ಬಿಸಿಲಿಗೆ ನೆಲ ಕಾದು, ಗಾಳಿ ಜೋರಾಗಿ ಮೇಲೆ ನುಗ್ಗಿ ಎದ್ದ ಗುಡುಗು ಮೋಡದ ಕೆಲಸ.

ಆದರೂ ಮನಾಲಿಯ ಹಿಮಕ್ಕೂ ನಮ್ಮ ಚಳಿಗೂ ದೂರದ ಸಂಬಂಧ ಇದೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪಶ್ಚಿಮದ ಮೇಲ್ಗಾಳಿಯ ಜೊತೆ ಸಾಗಿಬರುವ ಮಳೆ ವ್ಯವಸ್ಥೆಗಳಿಗೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಹಿಮಾಲಯಕ್ಕೆ ಚಳಿಗಾಲದ ಹಿಮ ತರೋದು ಹೆಚ್ಚಾಗಿ ಇವೇ. ಅದು ದಾಟಿ ಹೋದ ಮೇಲೆ ಅದರ ಬೆನ್ನಿಗೇ ಒಣ, ತಣ್ಣನೆಯ ಉತ್ತರದ ಗಾಳಿ ಬಯಲಿಗೆ ಇಳಿಯುತ್ತೆ. ಮೊದಲು ಪಂಜಾಬ್, ದೆಹಲಿ. ಆಮೇಲೆ ಮಧ್ಯಪ್ರದೇಶ, ವಿದರ್ಭ, ತೆಲಂಗಾಣ. ಗಾಳಿಗೆ ಬಲ ಇದ್ದರೆ ಬೀದರ್, ಕಲಬುರಗಿ. ನಮ್ಮ ಕಡೆಗೆ ಬರುವಷ್ಟರಲ್ಲಿ ಅದರ ಹಲ್ಲು ಅರ್ಧ ಮೊಂಡಾಗಿರುತ್ತೆ. ಹಾಗಾಗಿ ಹಿಮಾಚಲದಲ್ಲಿ ಜೋರು ಹಿಮ ಬಿತ್ತು, ಅದಾದ ಮೇಲೆ ಮಧ್ಯಭಾರತದಲ್ಲಿ ತಾಪಮಾನ ಇಳಿಯುತ್ತಿದೆ ಅಂತ ಸುದ್ದಿ ಬಂದರೆ ನಾವು ಸ್ವೆಟರ್ ಹುಡುಕಿಟ್ಟುಕೊಳ್ಳೋದು ತಪ್ಪಲ್ಲ.

ನಮ್ಮ ಚಳಿ ಹೆಚ್ಚಾಗಿ ಲೋಕಲ್ ಮೇಡ್

ಗುಡೇಕೋಟೆಯ ಚಳಿಯ ದೊಡ್ಡ ಪಾಲು ಎಲ್ಲಿಂದಲೋ ಬಂದದ್ದಲ್ಲ, ಅಲ್ಲೇ ರಾತ್ರಿ ತಯಾರಾದದ್ದು. ಫಸ್ಟ್ ಇಯರ್ ಫಿಸಿಕ್ಸ್ ನೆನಪಿದೆಯಾ? ಪ್ರತಿ ವಸ್ತುವೂ ತನ್ನ ಕೆಲ್ವಿನ್ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಶಾಖವನ್ನು ಹೊರಸೂಸುತ್ತೆ. ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮ. 15 ಡಿಗ್ರಿ ಇರುವ ನೆಲ ಪ್ರತಿ ಚದರ ಮೀಟರಿಗೆ ಸುಮಾರು 390 ವ್ಯಾಟ್ ಆಕಾಶದ ಕಡೆ ಕಳಿಸುತ್ತಲೇ ಇರುತ್ತೆ. ಆಕಾಶದಲ್ಲಿ ಮೋಡ ಇದ್ದರೆ, ಗಾಳಿಯಲ್ಲಿ ತೇವ ಇದ್ದರೆ ಅದರಲ್ಲಿ ಬಹುಪಾಲು ವಾಪಸ್ ಬರುತ್ತೆ. ಕಂಬಳಿ ಹೊದ್ದ ಹಾಗೆ. ಆಕಾಶ ಬಯಲಾಗಿ ಗಾಳಿ ಒಣಗಿದ್ದರೆ ವಾಪಸ್ ಬರೋದು ಕಡಿಮೆ. ಪ್ರತಿ ಚದರ ಮೀಟರಿಗೆ 60ರಿಂದ 100 ವ್ಯಾಟ್‌ನಷ್ಟು ನಿವ್ವಳ ನಷ್ಟ ಆಗೋದು ಸಾಮಾನ್ಯ. ಅಂದ್ರೆ ಒಂದೊಂದು ಚದರ ಮೀಟರ್ ಹೊಲದಿಂದಲೂ ಒಂದು ಹಳೇ ಕಾಲದ ಬಲ್ಬ್ ರಾತ್ರಿಯಿಡೀ ಉರಿದಷ್ಟು ಶಾಖ ಖಾಲಿ.

ರಾತ್ರಿ ಎಷ್ಟು ಉದ್ದ? ಗುಡೇಕೋಟೆ ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21–22ರ ಹೊತ್ತಿಗೆ ಅಲ್ಲಿನ ರಾತ್ರಿ ಹೆಚ್ಚುಕಡಿಮೆ ಹನ್ನೆರಡೂಮುಕ್ಕಾಲು ಗಂಟೆ. ದೆಹಲಿಯಲ್ಲಿ ಹದಿಮೂರೂವರೆಗಿಂತ ಸ್ವಲ್ಪ ಹೆಚ್ಚು. ವ್ಯತ್ಯಾಸ ಒಂದು ಗಂಟೆಯ ಆಸುಪಾಸು, ಅಷ್ಟೇ! ಅಂದಮೇಲೆ ದೆಹಲಿಯಷ್ಟು ಚಳಿ ನಮಗೆ ಯಾಕಿಲ್ಲ? ಹಗಲಿನ ಆದಾಯ ನಮಗೆ ಜಾಸ್ತಿ. ಅದೇ ದಿನ ಮಧ್ಯಾಹ್ನ ಗುಡೇಕೋಟೆಯಲ್ಲಿ ಸೂರ್ಯ ದಿಗಂತದಿಂದ 52 ಡಿಗ್ರಿ ಎತ್ತರಕ್ಕೆ ಬಂದರೆ ದೆಹಲಿಯಲ್ಲಿ 38 ಡಿಗ್ರಿಗೆ ನಿಲ್ಲುತ್ತಾನೆ. ನಾವು ಹಗಲು ಚೆನ್ನಾಗಿ ದುಡಿದು ರಾತ್ರಿ ಖರ್ಚು ಮಾಡುವವರು. ಅದಕ್ಕೇ ನಮ್ಮ ಕಡೆ ಮಧ್ಯಾಹ್ನ ನೆರಳು ಹುಡುಕಿದವರೇ ಬೆಳಗಿನ ಜಾವ ಬೆಂಕಿ ಹುಡುಕುತ್ತಾರೆ.

ಈ ಲೆಕ್ಕ ನೋಡಿದರೆ ಒಂದು ವಿಷಯ ತಾನಾಗಿ ಹೊಳೆಯುತ್ತೆ. ನೆಲ ಶಾಖ ಕಳೆದುಕೊಳ್ಳುತ್ತಲೇ ಇರೋದರಿಂದ ಅತಿ ಹೆಚ್ಚು ಚಳಿ ನಡುರಾತ್ರಿಯಲ್ಲಿ ಇರಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ ಇರುತ್ತೆ. ಜನವರಿಯಲ್ಲಿ ಅಂದ್ರೆ ಬೆಳಿಗ್ಗೆ ಆರೂವರೆ–ಏಳರ ಆಸುಪಾಸು. ವರ್ಷದ ಲೆಕ್ಕದಲ್ಲೂ ಹೀಗೆಯೇ: ಅತಿ ಉದ್ದದ ರಾತ್ರಿ ಡಿಸೆಂಬರ್ ಮೂರನೇ ವಾರದಲ್ಲಿ ಮುಗಿದರೂ ಚಳಿ ಜನವರಿಯಲ್ಲೂ ಹಿಡಿದಿರುತ್ತೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಮೋಡದ ಚಳಿ ಬೇರೆ, ಚುಕ್ಕಿಯ ಚಳಿ ಬೇರೆ

ಫೋರ್‌ಕಾಸ್ಟ್ ಓದುವಾಗ ನಮ್ಮಲ್ಲಿ ಬಹಳ ಜನ ಎರಡು ಬೇರೆ ಬೇರೆ ಚಳಿಗಳನ್ನು ಒಂದೇ ಅಂದುಕೊಳ್ಳುತ್ತೇವೆ.

ಒಂದು, ಬಂಗಾಳ ಕೊಲ್ಲಿಯ ಚಂಡಮಾರುತದ ಚಳಿ. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಮಾಮಲ್ಲಪುರದ ಹತ್ತಿರ ದಡ ಸೇರಿತು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಹತ್ತಿರ ದಡ ಸೇರಿತು. ಇಂಥ ಹೊತ್ತಲ್ಲಿ ದಕ್ಷಿಣ ಒಳನಾಡಿನ ಮೇಲೆ ಬೂದು ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ಹಗಲು ಬಿಸಿಲೇ ಬರಲ್ಲ. ಆಗ ಕುಸಿಯೋದು ಗರಿಷ್ಠ ತಾಪಮಾನ. ರಾತ್ರಿ ಅಷ್ಟೇನೂ ಇಳಿಯಲ್ಲ, ಯಾಕಂದ್ರೆ ಮೋಡದ ಕಂಬಳಿ ಇದೆಯಲ್ಲ. ಇಡೀ ದಿನ ಒಂದೇ ಥರ ತಣ್ಣಗೆ.

ಇನ್ನೊಂದು, ಆಕಾಶ ಬಯಲಾದ ರಾತ್ರಿಯ ಚಳಿ. ಇಲ್ಲಿ ಹಗಲು ಬಿಸಿಲು ಚೆನ್ನಾಗಿಯೇ ಇರುತ್ತೆ, ಕುಸಿಯೋದು ಕನಿಷ್ಠ ತಾಪಮಾನ. ಗುಡೇಕೋಟೆಯಲ್ಲಿ ನಮ್ಮ ಮಾವ ಅಂಗಳದಲ್ಲಿ ನಿಂತು ಮೇಲೆ ನೋಡಿ, "ಚುಕ್ಕಿ ಭಾಳ ಕಾಣ್ತಾವು, ಇವತ್ತು ಚಳಿ ಜೋರೈತಿ" ಅನ್ನುತ್ತಾರೆ. ಚುಕ್ಕಿ ಸ್ಪಷ್ಟವಾಗಿ ಕಾಣುತ್ತೆ ಅಂದ್ರೆ ಮೋಡ ಇಲ್ಲ, ತೇವ ಕಡಿಮೆ, ನೆಲದ ಶಾಖ ತಡೆಯುವವರು ಯಾರೂ ಇಲ್ಲ. ನಾನು ಮೇಲೆ ನಾಲ್ಕು ಪ್ಯಾರಾ ಬರೆದದ್ದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಒಳಗೆ ಹೋಗುತ್ತಾರೆ.

ಹಾಗಾಗಿ "ನಾಳೆ ಚಳಿ" ಅಂತ ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಕಡಿಮೆಯಾಗೋದು ಗರಿಷ್ಠವೋ, ಕನಿಷ್ಠವೋ?

ಎಚ್ಚರಿಕೆ ಯಾಕೆ ಬರಲ್ಲ?

ಭಾರತೀಯ ಹವಾಮಾನ ಇಲಾಖೆ ಶೀತಗಾಳಿ ಅಂತ ಘೋಷಿಸೋಕೆ ಲೆಕ್ಕ ಇಟ್ಟುಕೊಂಡಿದೆ. ಬಯಲು ಪ್ರದೇಶದ ನಿಯಮ ಹೀಗಿದೆ:

– ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು.
– ಜೊತೆಗೆ ಅದು ಆ ಜಾಗದ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆ ಇರಬೇಕು. ಅದಕ್ಕೂ ಹೆಚ್ಚು ಇಳಿದರೆ ತೀವ್ರ ಶೀತಗಾಳಿ.
– ವಾಡಿಕೆ ಎಷ್ಟೇ ಇರಲಿ, ಕನಿಷ್ಠ 4 ಡಿಗ್ರಿಗೆ ಇಳಿದರೆ ಶೀತಗಾಳಿ, 2 ಡಿಗ್ರಿಗೆ ಇಳಿದರೆ ತೀವ್ರ.
– ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಎರಡು ದಿನ ಸತತವಾಗಿ ಹೀಗಿರಬೇಕು.

ಈಗ ಗುಡೇಕೋಟೆಯನ್ನು ಈ ಸೂತ್ರಕ್ಕೆ ಹಾಕಿ. ಬಳ್ಳಾರಿ, ಚಿತ್ರದುರ್ಗದಂಥ ಸುತ್ತಲಿನ ಬಯಲುಸೀಮೆಯಲ್ಲಿ ಡಿಸೆಂಬರ್–ಜನವರಿಯ ಕನಿಷ್ಠ ತಾಪಮಾನದ ವಾಡಿಕೆ ಸುಮಾರು 15ರಿಂದ 18 ಡಿಗ್ರಿ. ವಾಡಿಕೆಗಿಂತ 4 ಡಿಗ್ರಿ ಇಳಿದು 12 ಆಯಿತು ಅಂದ್ರೆ ಊರಿನವರಿಗೆ ಅದು ದೊಡ್ಡ ಚಳಿ. ಆದರೆ ಸೂತ್ರಕ್ಕೆ ಅದು ಏನೂ ಅಲ್ಲ. 12 ಎಲ್ಲಿ, 10 ಎಲ್ಲಿ! ಬೆಂಗಳೂರಿನ ಸಾರ್ವಕಾಲಿಕ ದಾಖಲೆಯೇ 7.8 ಡಿಗ್ರಿ, ಅದೂ 1884ರ ಜನವರಿಯದ್ದು. ಅಂದಮೇಲೆ ನಮ್ಮ ಸೀಮೆಯಲ್ಲಿ 10ರ ಕೆಳಗೆ ಇಳಿಯೋದು ಎಷ್ಟು ಅಪರೂಪ ಅಂತ ಯೋಚಿಸಿ.

ಇನ್ನೊಂದು ಸಣ್ಣ ಗೊಂದಲವೂ ಇದೆ. ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಉಪವಿಭಾಗ ಮಾಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಮ್ಮ ಕಡೆಯವರು ಕಲ್ಯಾಣ ಕರ್ನಾಟಕದವರು. ಮಾತು, ಊಟ ಎರಡರಲ್ಲೂ ಉತ್ತರದ ಕಡೆ ವಾಲಿದವರು. ಆದರೆ ಹವಾಮಾನದ ಪಟ್ಟಿಯಲ್ಲಿ ಬಳ್ಳಾರಿ, ವಿಜಯನಗರ ಎರಡೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಟಿವಿಯಲ್ಲಿ "ಉತ್ತರ ಒಳನಾಡಿಗೆ ಎಚ್ಚರಿಕೆ" ಅಂತ ಬಂದರೆ ಅದರಲ್ಲಿ ಗುಡೇಕೋಟೆ ಇರಲ್ಲ. "ದಕ್ಷಿಣ ಒಳನಾಡು" ಅಂತ ಬಂದರೆ ಊರಿನಲ್ಲಿ ಅದು ನಮಗೆ ಅಂತ ಯಾರೂ ಕಿವಿ ನಿಮಿರಿಸಲ್ಲ.

ಇದರಲ್ಲಿ ಇಲಾಖೆಯನ್ನು ಬೈಯುವಂಥದ್ದೇನಿಲ್ಲ. ಇಡೀ ದೇಶದ ಬಯಲಿಗೆ ಒಂದು ಗೆರೆ ಎಳೆಯಲೇಬೇಕು, 12 ಡಿಗ್ರಿಗೂ ಅಲರ್ಟ್ ಕೊಡುತ್ತಾ ಹೋದರೆ ಅಲರ್ಟಿಗೆ ಬೆಲೆ ಇರಲ್ಲ. ನಾವು ತಿಳಿದುಕೊಳ್ಳಬೇಕಾದದ್ದು ಇಷ್ಟೇ: ಎಚ್ಚರಿಕೆ ಬಂದಿಲ್ಲ ಅನ್ನೋದು ಗೆರೆ ದಾಟಿಲ್ಲ ಅನ್ನುವ ಮಾತು, ಚಳಿ ಇಲ್ಲ ಅನ್ನುವ ಮಾತಲ್ಲ.

ಆ್ಯಪ್‌ನ 15 ಯಾರ 15?

ಫೋನಿನಲ್ಲಿ "ಗುಡೇಕೋಟೆ, ಕನಿಷ್ಠ 15" ಅಂತ ಬಂದರೆ ಅಲ್ಲಿ ಯಾರೋ ಥರ್ಮಾಮೀಟರ್ ಹಿಡಿದು ನಿಂತಿದ್ದಾರೆ ಅಂತಲ್ಲ. ಸೂಪರ್ ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒತ್ತಡ, ಗಾಳಿ, ತೇವ, ಶಾಖದ ಸಮೀಕರಣ ಬಿಡಿಸುತ್ತೆ. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಜಾಗತಿಕ ಮಾದರಿಯ ಚೌಕ 12 ಕಿಲೋಮೀಟರ್ ಇತ್ತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ ಬಂದ ಮೇಲೆ ಅದು 6 ಕಿಲೋಮೀಟರಿಗೆ ಇಳಿದಿದೆ. ದೊಡ್ಡ ಸಾಧನೆಯೇ. ಆದರೂ ಒಂದು ಚೌಕದೊಳಗೆ 36 ಚದರ ಕಿಲೋಮೀಟರ್! ಅಷ್ಟರಲ್ಲಿ ಕೋಟೆ ಗುಡ್ಡ, ಊರು, ಕೆರೆ, ಅಡವಿ, ತಗ್ಗಿನ ಹೊಲ ಎಲ್ಲ ಸೇರಿಹೋಗುತ್ತೆ. ಎಲ್ಲಕ್ಕೂ ಒಂದೇ ಸಂಖ್ಯೆ.

ಅದೂ ನೆಲದ ತಾಪಮಾನ ಅಲ್ಲ. ಮಾದರಿ ಹೇಳೋದು ನೆಲದಿಂದ ಸುಮಾರು 2 ಮೀಟರ್ ಎತ್ತರದ ಗಾಳಿಯ ತಾಪಮಾನ. ಹವಾಮಾನ ಕೇಂದ್ರಗಳಲ್ಲೂ ಥರ್ಮಾಮೀಟರನ್ನು ಎದೆಮಟ್ಟದಲ್ಲಿ ಬಿಳಿ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ಗಾಳಿ ನಿಂತ, ಆಕಾಶ ಬಯಲಾದ ರಾತ್ರಿ ನೆಲದ ಮೈ ಅದಕ್ಕಿಂತ ಮೂರರಿಂದ ಐದು ಡಿಗ್ರಿ ತಣ್ಣಗಿರಬಹುದು.

ಇನ್ನು ಗುಡೇಕೋಟೆಯ ನೆಲದ ವಿಶೇಷ. ಗ್ರಾನೈಟ್ ಬಂಡೆಗೂ ಒಣ ಮರಳು ಮಣ್ಣಿಗೂ ಶಾಖ ಕೊಡು–ತೊಗೊಳ್ಳುವ ಸಾಮರ್ಥ್ಯದಲ್ಲಿ ಭಾರಿ ವ್ಯತ್ಯಾಸ. ಮೆಕ್ಯಾನಿಕಲ್‌ನವರು ಇದನ್ನು ಥರ್ಮಲ್ ಎಫ್ಯೂಸಿವಿಟಿ ಅನ್ನುತ್ತಾರೆ: ಶಾಖವಾಹಕತೆ, ಸಾಂದ್ರತೆ, ವಿಶಿಷ್ಟ ಶಾಖ ಈ ಮೂರರ ಗುಣಲಬ್ಧದ ವರ್ಗಮೂಲ. ಎಸ್‌ಐ ಮಾನದಲ್ಲಿ ಗ್ರಾನೈಟಿಗೆ ಸುಮಾರು 2,400, ಒಣ ಮರಳು ಮಣ್ಣಿಗೆ ಸುಮಾರು 600. ನಾಲ್ಕು ಪಟ್ಟು. ಅಷ್ಟೇ ಶಾಖ ಕಳೆದುಕೊಂಡರೂ ಬಂಡೆಯ ಮೈ ನಿಧಾನಕ್ಕೆ ತಣ್ಣಗಾಗುತ್ತೆ, ಮಣ್ಣಿನ ಮೈ ಬೇಗ. ಸಂಜೆ ಏಳಕ್ಕೂ ಬಂಡೆ ಮೇಲೆ ಕೂತರೆ ಬೆಚ್ಚಗಿರುತ್ತೆ, ಪಕ್ಕದ ಹೊಲದಲ್ಲಿ ಕಾಲಿಟ್ಟರೆ ತಣ್ಣಗೆ. ಕಾರಣ ಇದೇ.

ಜೊತೆಗೆ ತಣ್ಣನೆಯ ಗಾಳಿ ಭಾರ. ಅದು ಗುಡ್ಡದ ಇಳಿಜಾರಿನಲ್ಲಿ ನೀರಿನಂತೆ ನಿಧಾನವಾಗಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತೆ. ಗುಡ್ಡಗಳ ನಡುವಿನ ತಗ್ಗು ಹೊಲ, ಹಳ್ಳದ ದಂಡೆ ಇವು ಊರಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರೋದು ವಿಶೇಷವೇನಲ್ಲ. ಆ್ಯಪ್‌ನ 15ರಲ್ಲಿ ಈ ತಗ್ಗು ಇಲ್ಲ.

ಸಂಜೆ ಆರಕ್ಕೆ ನಾಲ್ಕು ನೋಟ

ಹಾಗಾದರೆ ಆ್ಯಪ್ ಬಿಸಾಕಬೇಕಾ? ಬೇಡ. ಅದರ ಸಂಖ್ಯೆಯನ್ನು ತೊಗೊಂಡು ನಮ್ಮ ಜಾಗಕ್ಕೆ ತಿದ್ದಿಕೊಳ್ಳಬೇಕು. ಸಂಜೆ ಆರರ ಹೊತ್ತಿಗೆ ನಾಲ್ಕು ವಿಷಯ ನೋಡಿ.

1. ಆಕಾಶ. ಮೋಡ ಇಲ್ಲ ಅಂದ್ರೆ ಚಳಿಗೆ ದಾರಿ ತೆರೆದಿದೆ. ಸ್ಯಾಟಲೈಟ್ ಚಿತ್ರ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತೆ. ಇಲ್ಲದಿದ್ದರೆ ತಲೆ ಎತ್ತಿ ನೋಡಿದರೂ ಸಾಕು.

2. ಗಾಳಿ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆ ಪದರ ಕೆಳಗಿನದರ ಜೊತೆ ಬೆರೆಯುತ್ತೆ, ಥರ್ಮಾಮೀಟರ್ ಅಷ್ಟು ಇಳಿಯಲ್ಲ. ಗಾಳಿ ಪೂರ್ತಿ ನಿಂತರೆ ತಗ್ಗಿನಲ್ಲಿ ಚಳಿ ಮಡುಗಟ್ಟುತ್ತೆ. ಮೈಗೆ ಮಾತ್ರ ಇದು ಉಲ್ಟಾ: ಬೀಸುವ ಗಾಳಿ ಮೈಯ ಶಾಖ ಕಿತ್ತುಕೊಂಡು ಹೋಗುತ್ತೆ. ಅಂದಹಾಗೆ ವಿಂಡ್ ಚಿಲ್ ಸೂತ್ರ ಅನ್ವಯ ಆಗೋದು 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗೆ ಮಾತ್ರ. 14 ಡಿಗ್ರಿಯಲ್ಲಿ ಆ್ಯಪ್ ತೋರಿಸುವ "ಫೀಲ್ಸ್ ಲೈಕ್" ಬೇರೆ ಸೂತ್ರದ್ದು, ಆ್ಯಪ್‌ನಿಂದ ಆ್ಯಪ್‌ಗೆ ಬೇರೆ.

3. ಡ್ಯೂ ಪಾಯಿಂಟ್. ನನ್ನ ಪ್ರಕಾರ ಆ್ಯಪ್‌ನಲ್ಲಿ ಯಾರೂ ನೋಡದ, ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಂಖ್ಯೆ ಇದು. ಗಾಳಿ ಈ ತಾಪಮಾನಕ್ಕೆ ಇಳಿದಾಗ ಇಬ್ಬನಿ ಕಟ್ಟೋಕೆ ಶುರುವಾಗುತ್ತೆ. ಆವಿ ನೀರಾಗುವಾಗ ಪ್ರತಿ ಕಿಲೋಗ್ರಾಮಿಗೆ ಸುಮಾರು 25 ಲಕ್ಷ ಜೌಲ್ ಶಾಖ ಬಿಡುತ್ತೆ, ಅದು ಮುಂದಿನ ಇಳಿತಕ್ಕೆ ಬ್ರೇಕ್ ಹಾಕುತ್ತೆ. ಹಾಗಾಗಿ ಗಾಳಿ ಬದಲಾಗದ ರಾತ್ರಿ ಕನಿಷ್ಠ ತಾಪಮಾನ ಸಂಜೆಯ ಡ್ಯೂ ಪಾಯಿಂಟಿಗಿಂತ ತೀರಾ ಕೆಳಗೆ ಹೋಗೋದು ಕಡಿಮೆ. ಡ್ಯೂ ಪಾಯಿಂಟ್ 17 ಇದ್ದರೆ ಬೆಳಿಗ್ಗೆ ಇಬ್ಬನಿ, ಮಂಜು, ಚಳಿ ಸಾಧಾರಣ. 8 ಇದ್ದರೆ ಇಳಿಯೋಕೆ ಬಹಳ ಜಾಗ ಇದೆ ಅಂತ ಅರ್ಥ.

4. ನಿನ್ನೆಯ ಅಳತೆ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ಹಾಕಿದೆ. ಅವರ "ವರುಣಮಿತ್ರ" ಸಹಾಯವಾಣಿಗೆ ರೈತರು ಯಾವ ಹೊತ್ತಲ್ಲಾದರೂ ಫೋನ್ ಮಾಡಿ ಕೇಳಬಹುದು. ಆ್ಯಪ್ ನಿನ್ನೆಗೆ ಹೇಳಿದ್ದೆಷ್ಟು, ಹೋಬಳಿಯಲ್ಲಿ ಅಳೆದದ್ದೆಷ್ಟು ಅಂತ ನಾಲ್ಕು ದಿನ ಹೋಲಿಸಿದರೆ ಆ್ಯಪ್ ಎಷ್ಟು ತಪ್ಪುತ್ತೆ, ಯಾವ ಕಡೆಗೆ ತಪ್ಪುತ್ತೆ ಗೊತ್ತಾಗುತ್ತೆ.

ಒಂದು ಉದಾಹರಣೆ. ಆ್ಯಪ್ ಕನಿಷ್ಠ 15 ಅನ್ನುತ್ತಿದೆ. ಆಕಾಶ ಬಯಲು, ಗಾಳಿ ನಿಂತಿದೆ, ಡ್ಯೂ ಪಾಯಿಂಟ್ 9. ಹೊಲ ತಗ್ಗಿನಲ್ಲಿದೆ, ಎರಡರಿಂದ ಮೂರು ಕಳೆಯಿರಿ: ಎದೆಮಟ್ಟದಲ್ಲಿ 12–13. ಮಲಗೋದು ನೆಲದ ಮೇಲೆ ಅಂದ್ರೆ ಇನ್ನೂ ಮೂರು ಕಳೆಯಿರಿ: 9–10. ಇದು ಒರಟು ಅಂದಾಜು, ಲ್ಯಾಬ್ ರೀಡಿಂಗ್ ಅಲ್ಲ. ಆದರೆ 15ಕ್ಕೆ ಸಿದ್ಧವಾಗಿ ಹೋಗೋದಕ್ಕೂ 9ಕ್ಕೆ ಸಿದ್ಧವಾಗಿ ಹೋಗೋದಕ್ಕೂ ಒಂದು ಕಂಬಳಿಯ ವ್ಯತ್ಯಾಸ ಇದೆ.

ಎಷ್ಟು ದಿನ ಮುಂದಿನದು ನಂಬಬಹುದು? ಮೂರು ದಿನದ್ದು ಚೆನ್ನಾಗಿರುತ್ತೆ, ಒಂದು ವಾರದ್ದು ದಿಕ್ಕು ತೋರಿಸುತ್ತೆ. ಹತ್ತು ದಿನ ದಾಟಿದ ಮೇಲೆ ಯಾವುದೋ ಒಂದು ದಿನದ ಡಿಗ್ರಿ ಹೇಳುವ ಆ್ಯಪ್ ಬರೀ ಧೈರ್ಯವಂತ. ವಾತಾವರಣದಲ್ಲಿ ಸಣ್ಣ ತಪ್ಪು ಹೇಗೆ ಬೆಳೆಯುತ್ತೆ ಅಂತ ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು. ಇನ್ನು ಅಕ್ಟೋಬರಿನಲ್ಲೇ ಬರುವ "ಲಾ ನಿನಾ, ಈ ಸಲ ಭಯಂಕರ ಚಳಿ" ಸುದ್ದಿ ಮೂರು ತಿಂಗಳ ಸರಾಸರಿಯ ಮಾತು, ಅದರಲ್ಲೂ ಹೆಚ್ಚಾಗಿ ಉತ್ತರ ಭಾರತದ ಮಾತು. ನಿಮ್ಮೂರಿನ ಒಂದು ರಾತ್ರಿಯ ಬಗ್ಗೆ ಅದು ಏನೂ ಹೇಳಲ್ಲ.

ಈ ಡಿಗ್ರಿ ಯಾರಿಗೆ ಬೇಕು?

ಹಾಸ್ಟೆಲಿನಲ್ಲಿ ರಗ್ ಹೊದ್ದು ಮಲಗುವ ನಮಗೆ 15 ಆದರೇನು, 12 ಆದರೇನು. ಗುಡೇಕೋಟೆ ಕಡೆ ಇದು ಬೇಕಾದವರು ಬೇರೆ.

ಮೊದಲನೆಯವರು, ರಾತ್ರಿ ನೀರು ಕಟ್ಟುವವರು. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂತು ಅಂದ್ರೆ ಒಂದಕ್ಕೋ ಎರಡಕ್ಕೋ ಎದ್ದು ಹೊಲಕ್ಕೆ ಹೋಗಿ ಮೋಟಾರ್ ಹಾಕಬೇಕು, ಮೊಣಕಾಲು ತನಕ ಕೆಸರಲ್ಲಿ ನಿಂತು ಮಡಿಗೆ ನೀರು ತಿರುಗಿಸಬೇಕು. ಗಾಳಿಗಿಂತ ನೀರಿನ ಶಾಖವಾಹಕತೆ ಸುಮಾರು 24 ಪಟ್ಟು ಹೆಚ್ಚು. 12 ಡಿಗ್ರಿಯಲ್ಲಿ ಒಣ ಬಟ್ಟೆಯಲ್ಲಿ ನಿಲ್ಲೋದು ಬೇರೆ, ಒದ್ದೆ ಪಂಚೆಯಲ್ಲಿ ನಿಲ್ಲೋದು ಬೇರೆ. ಎರಡನೆಯವರು, ಬೆಳೆ ಕಾಯುವವರು. ಕರಡಿ, ಹಂದಿ ಶೇಂಗಾ–ಮೆಕ್ಕೆಜೋಳಕ್ಕೆ ಬರುತ್ತವೆ, ಹೊಲದಲ್ಲೇ ಮಲಗಬೇಕು. ಮೂರನೆಯವರು, ಕುರಿ ಮಂದೆಯ ಜೊತೆ ಬಯಲಲ್ಲಿ ತಂಗುವ ಕುರಿಗಾಹಿಗಳು. ದೊಡ್ಡ ಕುರಿಗೆ ಉಣ್ಣೆ ಇದೆ. ಆಗಷ್ಟೇ ಹುಟ್ಟಿ ಇನ್ನೂ ಮೈ ಒಣಗದ ಮರಿಗೆ ತಗ್ಗಿನ ನೆಲದ ಚಳಿ ಪ್ರಾಣಕ್ಕೇ ಬರಬಹುದು. ನಾಲ್ಕನೆಯವರು ಮನೆಯ ಮುದುಕರು, ಬಾಣಂತಿ, ಹಸುಗೂಸು.

ಹೈಪೋಥರ್ಮಿಯಾ ಅಂದ್ರೆ ಹೊರಗೆ ಹಿಮ ಇರಬೇಕು ಅಂತೇನಿಲ್ಲ. ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದೇ ಹೈಪೋಥರ್ಮಿಯಾ. ವಯಸ್ಸಾದವರು, ಖಾಲಿ ಹೊಟ್ಟೆ, ಒದ್ದೆ ಬಟ್ಟೆ, ಕುಡಿತ ಇಷ್ಟು ಸೇರಿದರೆ 10–12 ಡಿಗ್ರಿಯಲ್ಲೂ ಅದು ಆಗಬಹುದು. ಕುಡಿದರೆ ಬೆಚ್ಚಗಾಗುತ್ತೆ ಅನ್ನೋದು ಸುಳ್ಳು. ಚರ್ಮಕ್ಕೆ ರಕ್ತ ಹರಿದು ಬೆಚ್ಚಗೆ ಅನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗುತ್ತೆ. ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೆಂಡ ಇಟ್ಟುಕೊಂಡು ಮಲಗೋದಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸುತ್ತೆ.

ಮಾಡಬಹುದಾದದ್ದು ಸರಳ. ಚಳಿ ಜೋರಿರುವ ರಾತ್ರಿ ಮಂದೆಯನ್ನು ತಗ್ಗಿನಿಂದ ಸ್ವಲ್ಪ ಎತ್ತರಕ್ಕೆ, ಬಂಡೆಯ ಮರೆಗೆ ಹೊಡೆಯೋದು. ನೆಲದ ಮೇಲೆ ಬರೀ ಗೋಣಿ ಹಾಸುವ ಬದಲು ಕೆಳಗೆ ದಪ್ಪಕ್ಕೆ ಹುಲ್ಲು ಹಾಸೋದು, ಯಾಕಂದ್ರೆ ಮೈಯ ಶಾಖವನ್ನು ನೆಲವೂ ಎಳೆದುಕೊಳ್ಳುತ್ತೆ. ನೀರು ಕಟ್ಟೋಕೆ ಹೋಗುವವರು ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯೋದು. ಇವೆಲ್ಲ ಊರಿನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಬೇಕಾಗಿರೋದು ಇವತ್ತಾ, ನಾಳೆಯಾ ಅನ್ನುವ ಮುನ್ಸೂಚನೆ.

ಚಳಿಯನ್ನು ಪೂರ್ತಿ ವಿಲನ್ ಮಾಡೋದೂ ಬೇಡ. ಹಿಂಗಾರಿನ ಕಡಲೆ, ಬಿಳಿಜೋಳಕ್ಕೆ ಈ ಚಳಿ, ಈ ಇಬ್ಬನಿ ಬೇಕು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ರುಚಿ ಅನಿಸೋದೂ ಚಳಿ ಇದ್ದರೇನೇ.

ನಮ್ಮ ಪಾಲಿನ ಕೆಲಸ

2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿ ಮಟ್ಟದ ಹವಾಮಾನ ಮುನ್ಸೂಚನೆ ಶುರುವಾಗಿದೆ. ಚೌಕ ಚಿಕ್ಕದಾಗುತ್ತಾ ಬರುತ್ತಿದೆ. ಆದರೆ ಯಾವ ಮಾದರಿಯೂ ನಿಮ್ಮ ಮಾವನ ಹೊಲದ ತಗ್ಗಿನ ತನಕ ಇಷ್ಟು ಬೇಗ ಇಳಿಯಲ್ಲ. ಆ ಕೊನೆಯ ಎರಡು ಮೂರು ಕಿಲೋಮೀಟರ್ ಅಳೆಯೋದು ನಮ್ಮಂಥವರ ಕೈಯಲ್ಲಿದೆ.

ಮಿನಿ ಪ್ರಾಜೆಕ್ಟಿಗೆ ಐಡಿಯಾ ಹುಡುಕುತ್ತಿರುವವರಿಗೆ: ಒಂದು ಇಎಸ್‌ಪಿ32 ಬೋರ್ಡ್, ಮೂರು ಡಿಎಸ್18ಬಿ20 ಸೆನ್ಸರ್. ಈ ಸೆನ್ಸರಿನ ನಿಖರತೆ ಅರ್ಧ ಡಿಗ್ರಿ ಆಚೀಚೆ, ನಮ್ಮ ಕೆಲಸಕ್ಕೆ ಸಾಕು. ಒಂದು ಎದೆಮಟ್ಟದಲ್ಲಿ, ಒಂದು ನೆಲದ ಮೇಲೆ, ಒಂದು ಬಂಡೆಗೆ ತಾಗಿಸಿ. ಎದೆಮಟ್ಟದ್ದಕ್ಕೆ ಬಿಸಿಲು ನೇರ ಬೀಳದಂತೆ, ಆದರೆ ಗಾಳಿ ಆಡುವಂತೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಸಂದು ಬಿಟ್ಟು ಜೋಡಿಸಿ ಮರೆ ಮಾಡಿ. ಸೆನ್ಸರುಗಳನ್ನು ಹೊಲಕ್ಕೆ ಹಾಕುವ ಮೊದಲು ಮೂರನ್ನೂ ಒಂದೇ ನೀರಿನ ಪಾತ್ರೆಯಲ್ಲಿ ಮುಳುಗಿಸಿ ಒಂದೇ ರೀಡಿಂಗ್ ಕೊಡುತ್ತವಾ ನೋಡಿ. ಹದಿನೈದು ನಿಮಿಷಕ್ಕೊಂದು ರೀಡಿಂಗ್ ಮೆಮೊರಿ ಕಾರ್ಡಿಗೆ ಬರೆದುಕೊಳ್ಳಲಿ, ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ನಡೆಯುತ್ತೆ. ಡಿಸೆಂಬರ್ ಮತ್ತು ಜನವರಿ ಎರಡು ತಿಂಗಳ ಡೇಟಾ ಸಿಕ್ಕರೆ "ಆ್ಯಪ್‌ನ ಸಂಖ್ಯೆಯಿಂದ ಇಷ್ಟು ಕಳೆಯಿರಿ" ಅನ್ನುವ ನಿಮ್ಮೂರಿನದೇ ಒಂದು ಸೂತ್ರ ಸಿಗುತ್ತೆ. ಮೇಲಿನ ಉದಾಹರಣೆಯಲ್ಲಿ ನಾನು ಅಂದಾಜಿನಲ್ಲಿ ಕಳೆದ ಎರಡು, ಮೂರು ಡಿಗ್ರಿಗಳ ಜಾಗದಲ್ಲಿ ಅಳೆದ ಸಂಖ್ಯೆ ಬರುತ್ತೆ.

ಆಮೇಲೆ ಮಾಡಬೇಕಾದದ್ದು ಒಂದೇ. ಸಂಜೆ ಆರೂವರೆಗೆ ಊರಿನ ವಾಟ್ಸಾಪ್ ಗ್ರೂಪಿಗೆ ಕನ್ನಡದಲ್ಲಿ ಒಂದು ಸಾಲು: "ಇವತ್ತು ತಗ್ಗಿನ ಹೊಲದಲ್ಲಿ ಬೆಳಗಿನ ಜಾವ 10 ಡಿಗ್ರಿ ಆಗಬಹುದು, ನೀರು ಕಟ್ಟೋಕೆ ಹೋಗೋರು ಒಣ ಬಟ್ಟೆ ಒಯ್ಯಿರಿ, ಎಳೇ ಮರಿಗಳನ್ನು ಮೇಲೆ ಕಟ್ಟಿರಿ." ಇಷ್ಟು ಕಳಿಸೋಕೆ ಸೂಪರ್ ಕಂಪ್ಯೂಟರ್ ಬೇಡ.